ಪಡುವಲ ಕಡೆಯ ನೆರೆ

ಬೀಗ ತೆಗೆದು ಬಾಗಿಲು ನೂಕಿದ ಕೂಡಲೇ ಮುಖಕ್ಕೆ ಬಂದದ್ದು ಕೊಬ್ಬರಿಯ ವಾಸನೆ. ಮಂಡಿ ಮುಚ್ಚಿ ಒಂದು ಮಳೆಗಾಲ ಕಳೆದಿತ್ತು. ಒಳಗೆ ಹೆಸರಿಗೊಂದು ಚೀಲವೂ ಇರಲಿಲ್ಲ. ಆದರೂ ಅತ್ತ ಸಿಹಿಯೂ ಅಲ್ಲದ ಇತ್ತ ಕಮಟೂ ಅಲ್ಲದ ಆ ವಾಸನೆ ಗೋಡೆಯೊಳಗಿಂದಲೇ ಬರುವ ಹಾಗಿತ್ತು. ನಾವು ನಾಲ್ಕು ಜನ ಇದ್ದೆವು. ನಾನು, ನನ್ನ ತಮ್ಮ, ನಮ್ಮ ಹಳೇ ಭಾನುವಾರದ ಗುಂಪಿನ ಮೇಷ್ಟ್ರು, ಮತ್ತೆ ಬೀಗದ ಕೈ ತಂದಿದ್ದ ಬ್ರೋಕರು. ಅರಸೀಕೆರೆ ಪೇಟೆಬೀದಿಯ ಆ ಕಟ್ಟಡ ಮಾರಾಟಕ್ಕಿದೆ ಅಂತ ಗೊತ್ತಾಗಿ, ನಾವು ಮೂವರು ಸೇರಿ ಕೊಳ್ಳೋಣವೇ ಅಂತ ನೋಡಲು ಬಂದಿದ್ದೆವು.

ತಮ್ಮ ಆಗಲೇ ಮುಂದಿನ ರಸ್ತೆಯ ಅಗಲ ಅಳೆಯಲು ಹೊರಟ. ಬ್ರೋಕರು ಕೆಳಗೆ ಅಂಗಡಿ ಮಳಿಗೆ, ಮೇಲೆ ಲಾಡ್ಜು ಅಂತ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ಮೇಷ್ಟ್ರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು, ಆಮೇಲೆ ಏನನ್ನಿಸಿತೋ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ಒಂದ್ಸಲ ಮೇಲಿಂದ ಬೈದಿದ್ರೆ ಚೆನ್ನಾಗಿರೋದು ಅಲ್ವೇನಮ್ಮ," ಅಂದರು ನನಗೆ.

ನಾನು ಮಹಡಿಯ ಮೆಟ್ಟಿಲಿನ ಕಡೆ ನೋಡಿದೆ. ಅಲ್ಲಿಂದ ಬರಬೇಕಾಗಿದ್ದ ಬೈಗುಳ ಯಾವುದು ಅಂತ ಇಬ್ಬರಿಗೂ ಗೊತ್ತಿತ್ತು…

ಮೊದಲ ಸಲ ಆ ಮಂಡಿಯ ಜಗಲಿಗೆ ಹೋದಾಗ ನಾನು ಕರೆಂಟ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದೆ. ಕೈಯಲ್ಲಿ ಒಂದಿಷ್ಟು ಉಳಿತಾಯ ಇತ್ತು. ಅದನ್ನು ಸೈಟಿಗೆ ಹಾಕು ಅಂತ ಆಫೀಸಿನವರೆಲ್ಲ ಹೇಳುವವರೇ. ಯಾವ ಸೈಟು, ಹೇಗೆ ನೋಡಬೇಕು, ಯಾವುದನ್ನು ನಂಬಬೇಕು ಅಂದರೆ ಮಾತ್ರ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆಯುವವರು. ನಮ್ಮಪ್ಪ ಒಂದೇ ಮಾತು ಅಂದರು. "ಮಂಡಿ ಯಜಮಾನ್ರನ್ನ ಕೇಳು. ಅವ್ರು ಬ್ಯಾಡ ಅಂದ್ರೆ ಬ್ಯಾಡ."

ಯಜಮಾನ್ರು ಕೊಬ್ಬರಿ ವ್ಯಾಪಾರಿ. ಬ್ರೋಕರ್ ಅಲ್ಲ, ವಕೀಲರಲ್ಲ. ಚಿಕ್ಕಂದಿನಿಂದ ಹಳ್ಳಿ ಹಳ್ಳಿಯ ತೋಟ ಸುತ್ತಿ ಕಾಯಿ, ಕೊಬ್ಬರಿ ಕೊಂಡವರಾದ್ದರಿಂದ ಯಾವ ಹೊಲ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. ಭಾನುವಾರ ಮಂಡಿಗೆ ರಜ. ಆ ದಿನ ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟು, ಗರಿಗರಿ ಪಂಚೆಯುಟ್ಟು ಅವರು ಜಗಲಿಗೆ ಬಂದು ಕೂತರೆಂದರೆ, ಊರಿನ ಸೈಟಿನ ಚಿಂತೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ರಿಟೈರ್ ಆದ ಮೇಷ್ಟ್ರು, ಎದುರಿನ ಕಬ್ಬಿಣದಂಗಡಿಯವರು ಇಬ್ಬರಂತೂ ತಪ್ಪದೆ ಬರುವವರು. ಆಮೇಲಾಮೇಲೆ ನಾನೂ ಹಾಗೇ ಆದೆ.

ಅಲ್ಲಿ ನಡೆಯುತ್ತಿದ್ದ ಮಾತು ಹೀಗೆ.

"ಯಜಮಾನ್ರೇ, ಖಾತೆ ಇನ್ನೂ ತೀರ್ಕೊಂಡಿರೋ ಅಪ್ಪನ ಹೆಸರಲ್ಲೇ ಐತೆ. ಮಗ ಮಾರ್ತೀನಿ ಅಂತಾವ್ನೆ. ತಗಬಹುದಾ?"

"ಅವನಿಗೆ ಅಕ್ಕತಂಗೇರು ಎಷ್ಟು ಜನ?"

"ಮೂರು ಜನ. ಎಲ್ಲ ಮದುವೆಯಾಗಿ ಹೋಗವ್ರೆ."

"ಮದುವೆಯಾದ್ರೆ ಅಪ್ಪನ ಮಕ್ಕಳಲ್ವೇನ್ಲಾ? ಮೂರು ಜನಾನೂ ಬಂದು ಸಹಿ ಹಾಕ್ತಾರಾ ಕೇಳು. ಹಾಕಲ್ಲ ಅಂದ್ರೆ ಆ ಕಡೆ ತಲೆ ಹಾಕ್ಬ್ಯಾಡ."

ಇನ್ನೊಬ್ಬ ಸರ್ಕಾರ ಮಂಜೂರು ಮಾಡಿದ ಜಮೀನು ಕೊಳ್ಳಬಹುದಾ ಅನ್ನುವನು. ಮತ್ತೊಬ್ಬ ಬಡಾವಣೆಯವರು ಪಾರ್ಕು ತೋರಿಸುತ್ತಿದ್ದಾರೆ, ಆ ಪಾರ್ಕನ್ನೂ ಆಮೇಲೆ ಮಾರಿಬಿಟ್ಟರೆ ಏನು ಗತಿ ಅನ್ನುವನು. ಯಜಮಾನ್ರು ಎಲ್ಲರ ಮಾತನ್ನೂ ಪೂರ್ತಿ ಕೇಳಿ, ಕೊನೆಗೆ ಎಲ್ಲರಿಗೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. ರೇಟು ಏನು ಅಂತಲ್ಲ, ರಸ್ತೆ ಎಷ್ಟು ಅಗಲ ಅಂತಲೂ ಅಲ್ಲ. "ಚೆಕ್ಕುಬಂದಿ ಏನು?"

ಜಾಗದ ನಾಲ್ಕು ದಿಕ್ಕಿಗೂ ಯಾರ್‍ಯಾರು ಇದ್ದಾರೆ ಅಂತ ಕ್ರಯಪತ್ರದಲ್ಲಿ ಬರೆಸುತ್ತಾರಲ್ಲ, ಅದು ಚೆಕ್ಕುಬಂದಿ. ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಇಂಥವರ ಮನೆ, ಬಡಗಲಿಗೆ ಓಣಿ, ತೆಂಕಲಿಗೆ ಹಳ್ಳ ಅಂತ. ನಾವೆಲ್ಲ ಅದನ್ನು ಪತ್ರದಲ್ಲಿ ಓದಿ ಒಪ್ಪಿಸುತ್ತಿದ್ದೆವು. ಅವರಿಗೆ ಅದು ಸಾಲದು. "ನಾಲ್ಕೂ ಕಡೆ ಮನೆಗೆ ಹೋಗು. ನೀರು ಕೇಳು. ಕೂತ್ಕೊಂಡು ಕುಡಿ. ಆಮೇಲೆ ಬಂದು ನಂಗೆ ಹೇಳು," ಅನ್ನುತ್ತಿದ್ದರು.

"ಬರೀ ಜಾಗದ ಬಗ್ಗೆ ಕೇಳಿದ್ರೆ ಆಗಲ್ವಾ?" ಅಂತ ನಾನು ಮೊದಲ ದಿನ ಕೇಳಿದ್ದೆ.

"ಜಾಗದ ಬಗ್ಗೆ ಕೇಳಿದ್ರೆ ನೀನು ತಗಳೋಕೆ ಬಂದೋಳು. ನೀರು ಕೇಳಿದ್ರೆ ಮನೆಗೆ ಬಂದೋಳು. ನೀರು ಕೊಟ್ಟು ಎದುರಿಗೆ ನಿಂತ್ಕಂಡು ಸುಳ್ಳು ಹೇಳಕ್ಕೆ ನಮ್ಮ ಜನಕ್ಕೆ ಬರಲ್ಲ ಕಣವ್ವ."

ನಾನು ನೋಡಿದ್ದ ಸೈಟು ಊರಾಚೆ ಕೆರೆಯ ಕಡೆ ಇತ್ತು. ಕಾಗದವೆಲ್ಲ ಸರಿ ಇತ್ತು. ಮೂಡಲ ಮನೆಯಲ್ಲಿ ನೀರು ಕೇಳಿದೆ. ಮುದುಕಿಯೊಬ್ಬರು ಚೊಂಬು ಕೊಟ್ಟು, ನನ್ನ ಊರು ಕೇರಿ ವಿಚಾರಿಸಿ, ತಾವಾಗಿಯೇ ಅಂದರು. "ಇಲ್ಲಿ ತಗಂತೀಯಾ ಮಗ? ಜೋರು ಮಳೆ ಬಂದಾಗ ಒಂದ್ಸಲ ಬಂದು ನೋಡಿ ಹೋಗು. ಕೋಡಿ ನೀರು ಹಾಯೋದೆಲ್ಲ ಇಲ್ಲೇ." ನಾನು ಅದನ್ನು ಬಿಟ್ಟೆ. ಆ ವರ್ಷವೇ ಕೆರೆ ತುಂಬಿತು, ಆ ಸೈಟಿನಲ್ಲಿ ಮಕ್ಕಳು ಮೀನು ಹಿಡಿದರು.

ಮೇಷ್ಟ್ರು ಇದಕ್ಕೆಲ್ಲ ತಮಾಷೆ ಮಾಡುವವರು. "ಯಜಮಾನ್ರ ಮಾತು ಕೇಳ್ಕೊಂಡು ಸೈಟು ನೋಡೋಕೆ ಹೋದ್ರೆ ಸೈಟು ಸಿಗುತ್ತೋ ಇಲ್ವೋ, ದಾರೀಲಿ ನಾಲ್ಕು ಕಡೆ ಗಾಡಿ ನಿಲ್ಲಿಸ್ಬೇಕಾಗುತ್ತೆ," ಅನ್ನುವರು. ಆಗಲೇ ಮಹಡಿಯ ಮೆಟ್ಟಿಲಿನಿಂದ ಆ ದನಿ ಬರುತ್ತಿತ್ತು. ತೆಳ್ಳಗೆ, ಕೆಮ್ಮಿನ ನಡುವೆ, ಆದರೆ ಒಂದಕ್ಷರವೂ ತಪ್ಪದೆ.

"ಊರಿಗೆಲ್ಲ ಮನೆ ಕಟ್ಟಿಸ್ರಿ. ಮನೇಲಿರೋಳು ಕೊಬ್ಬರಿ ಮೇಲೆ ಒಣಗ್ಲಿ."

ಅದು ಅಕ್ಕ. ಯಜಮಾನ್ರ ಹೆಂಡತಿ. ನನಗೂ ಅವರಿಗೂ ಏನೂ ನಂಟಿರಲಿಲ್ಲ. ಗಂಡಸರ ನಡುವೆ ಒಬ್ಬಳೇ ಕೂತಿದ್ದೆ ಅಂತ ಮೊದಲ ದಿನವೇ ಮೇಲಕ್ಕೆ ಕರೆದು ಅಕ್ಕಿರೊಟ್ಟಿ ಕೊಟ್ಟರು, ಅಷ್ಟೆ ನಂಟು. ಕೆಳಗೆ ಮಂಡಿ, ಮೇಲೆ ಮನೆ. ಕೆಳಗಿನ ಚೀಲಗಳ ದೂಳೂ ವಾಸನೆಯೂ ಮೆಟ್ಟಿಲು ಹತ್ತಿ ಅವರ ಸೀರೆಗೆ, ಹಾಸಿಗೆಗೆ, ಕಾಸಿದ ಹಾಲಿಗೂ ಹತ್ತಿರುತ್ತಿತ್ತು. ಮಗಳನ್ನು ತಿಪಟೂರಿಗೆ ಕೊಟ್ಟಿದ್ದರು. ಮದುವೆಯಾಗಿ ಬಂದಾಗಿನಿಂದ ಅಕ್ಕ ಇದ್ದದ್ದು ಆ ಮಹಡಿಯಲ್ಲೇ. ಉಬ್ಬಸ ಹಿಡಿದಿತ್ತು. ಈ ದೂಳಿನಿಂದ ದೂರ ಇರಬೇಕು, ಇಲ್ಲದಿದ್ದರೆ ಶ್ವಾಸಕೋಶ ತಡೆಯುವುದಿಲ್ಲ ಅಂತ ಹಾಸನದ ಡಾಕ್ಟರು ಹೇಳಿದ್ದರು. ಬಾಡಿಗೆ ಮನೆ ಮಾಡೋಣ ಅಂತ ಯಜಮಾನ್ರು ಅಂದರೆ ಅಕ್ಕ ಒಪ್ಪಲಿಲ್ಲ.

"ಬಾಡಿಗೆ ಮನೇಲಿ ಒಂದು ಮೊಳೆ ಹೊಡೀಬೇಕಾದ್ರೂ ಇನ್ನೊಬ್ಬರ ಮುಖ ನೋಡ್ಬೇಕು ಕಣೇ. ಹೋದ್ರೆ ನನ್ನ ಮನೆಗೇ ಹೋಗ್ತೀನಿ," ಅಂದಿದ್ದರು ನನಗೆ.

ಹಾಗಾದರೆ ಊರಿಗೆಲ್ಲ ಸೈಟು ತೋರಿಸುವ ಯಜಮಾನ್ರು ಸ್ವಂತಕ್ಕೆ ಒಂದು ತೆಗೆದುಕೊಳ್ಳಬಾರದಾಗಿತ್ತೇ? ನೋಡುತ್ತಲೇ ಇದ್ದರು. ಅದೇ ಕಷ್ಟ. ನಮಗೆ ಇದು ಪರವಾಗಿಲ್ಲ ತಗೊ ಅನ್ನುತ್ತಿದ್ದ ಮನುಷ್ಯ, ಅಕ್ಕನ ಮನೆಗೆ ಅಂತ ನೋಡುವಾಗ ಪ್ರತಿ ಜಾಗದಲ್ಲೂ ಒಂದು ಊನ ಕಾಣುತ್ತಿದ್ದರು. ಒಂದು ಕಡೆ ತೆಂಕಲಿನವನು ಬೇಲಿ ಸರಿಸುವ ಕುಳ. ಇನ್ನೊಂದು ಕಡೆ ಬಡಗಲ ಮನೆಯ ಬಚ್ಚಲ ನೀರು ಈಚೆಗೆ ಬರುತ್ತದೆ. ಮತ್ತೊಂದರಲ್ಲಿ ದಾಯಾದಿಗಳ ಕೋರ್ಟು. "ಇವ್ಳು ನನ್ನ ನಂಬ್ಕೊಂಡು ಬರೋಳು. ನಾಳೆ ಪಕ್ಕದ ಮನೆಯೋರ ಜೊತೆ ಜಗಳಾಡ್ಕೊಂಡು ಕೂರೋ ಹಂಗೆ ಆಗ್ಬಾರ್ದು," ಅಂತ ಒಂದು ಸಲ ನಮ್ಮ ಮುಂದೆ ಅಂದರು. ಮೇಲಿಂದ ಉತ್ತರ ಬಂತು. "ನಾನು ಜಗಳ ಆಡೋದು ನಿಮ್ಮೊಬ್ಬರ ಜೊತೇನೇ, ತಗೊಳ್ರೀ ಯಾವ್ದಾದ್ರೂ."

ಕೊನೆಗೂ ಒಂದು ಜಾಗ ಅವರ ಮನಸ್ಸಿಗೆ ಬಂತು. ಅದೂ ಎಲ್ಲಿ, ಅಕ್ಕನ ತವರೂರಲ್ಲೇ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ. ತವರಿನ ಮನೆಯನ್ನು ಅಣ್ಣಂದಿರು ಯಾವತ್ತೋ ಮಾರಿದ್ದರು. ಇದು ಬೇರೆ ಯಾರದೋ ಖಾಲಿ ಹಿತ್ತಿಲ ಜಾಗ, ಬಸದಿಯ ಕಾಂಪೌಂಡಿಗೆ ಹತ್ತಿಕೊಂಡ ಹಾಗೆ. ಅಕ್ಕ ಹುಡುಗಿಯಾಗಿದ್ದಾಗ ಆ ಬಸದಿಯೊಳಗಿನ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು, ಉದ್ದ ಕಂಡ ಮೂಗಿಗೆ ನಕ್ಕು ಓಡಿಬರುತ್ತಿದ್ದರಂತೆ. ಅದನ್ನು ಹೇಳುವಾಗ ಕೆಮ್ಮೂ ಅವರಿಗೆ ಅಡ್ಡ ಬರುತ್ತಿರಲಿಲ್ಲ.

ಆ ಭಾನುವಾರ ಯಜಮಾನ್ರ ಮುಖ ನೋಡಬೇಕಿತ್ತು. ಈ ಸಲ ಮೇಷ್ಟ್ರೇ ಕೇಳಿದರು, "ಚೆಕ್ಕುಬಂದಿ ಏನ್ ಯಜಮಾನ್ರೇ?"

"ಮೂಡಲಿಗೆ ರಾಗಿ ಹೊಲ. ಹೊಲದೋರ ಮನೆಗೆ ಹೋಗಿ ನೀರು ಕುಡಿದೆ, ಒಳ್ಳೇ ಜನ. ತೆಂಕಲಿಗೆ ಎಮ್ಮೆ ಕಟ್ಕೊಂಡಿರೋ ಒಬ್ಬ ಹೆಣ್ಣುಮಗಳು. ನೀರು ಕೇಳಿದ್ರೆ ಮಜ್ಜಿಗೇನೇ ಕೊಟ್ಲು. ಬಡಗಲಿಗೆ ಓಣಿ, ಓಣಿ ಆಚೆ ಮನೇಲೂ ವಿಚಾರಿಸ್ದೆ. ಪಡುವಲಿಗೆ…" ಅಂತ ಸ್ವಲ್ಪ ನಿಲ್ಲಿಸಿದರು. "ಪಡುವಲಿಗೆ ತೀರ್ಥಂಕರರು. ಬೇಲಿ ಸರಿಸೋರಲ್ಲ, ಬಚ್ಚಲ ನೀರು ಬಿಡೋರಲ್ಲ. ಸಾವಿರ ವರ್ಷದಿಂದ ನಿಂತ ಜಾಗ ಬಿಟ್ಟು ಅಲ್ಲಾಡಿಲ್ಲ. ಅಂಥ ನೆರೆ ಎಲ್ಲಿ ಸಿಗತೈತೆ?"

ಅವರು ಕಣ್ಣು ಮುಚ್ಚಿಕೊಂಡು ಕೊಂಡದ್ದಲ್ಲ. ಬಸದಿಗೆ ಬಿಟ್ಟ ದೇವರ ಜಮೀನೇನಾದರೂ ಆಗಿದೆಯಾ ಅಂತ ನೋಡಿದ್ದರು, ಅಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದರು. ಮಾರುವವನ ಅಕ್ಕತಂಗಿಯರೆಲ್ಲ ಬಂದು ಸಹಿ ಹಾಕಿದ್ದರು. ಆದರೆ ನಮ್ಮ ಕಡೆ ಯಾವ ಊರಲ್ಲಿ ಗುಡಿಯ ಪಕ್ಕ ಮನೆ ಇಲ್ಲ? ಗುಡಿಗೆ ಗೋಡೆ ತಾಗಿಸಿ ಮನೆ, ಮನೆಗೆ ಗೋಡೆ ತಾಗಿಸಿ ಗುಡಿ. ದೇವರ ಪಕ್ಕ ಮನೆ ಕಟ್ಟಬಹುದಾ ಅಂತ ಕೇಳಬೇಕು ಅನ್ನುವುದು ಅವರಿಗೂ ಹೊಳೆಯಲಿಲ್ಲ, ಜಗಲಿಯಲ್ಲಿ ಕೂತಿದ್ದ ನಮಗೆ ಯಾರಿಗೂ ಹೊಳೆಯಲಿಲ್ಲ. ನಾವು ಅದೆಷ್ಟು ಸಲ ಹಳೇಬೀಡಿಗೆ ಹೋಗಿಲ್ಲ! ಬಸದಿಯ ಗೇಟಿನ ಪಕ್ಕ ನಿಂತಿದ್ದ ನೀಲಿ ಬೋರ್ಡನ್ನು ಎಷ್ಟು ಸಲ ನೋಡಿಲ್ಲ. ಓದಿದವರು ಒಬ್ಬರೂ ಇರಲಿಲ್ಲ.

ಶ್ರಾವಣದ ಒಂದು ಸೋಮವಾರ ಗುದ್ದಲಿ ಪೂಜೆ ಇಟ್ಟರು. ಶ್ರಾವಣ ಕಳೆದರೆ ಮತ್ತೆ ಒಳ್ಳೇ ದಿನಕ್ಕೆ ಕಾಯಬೇಕು, ಪಂಚಾಯಿತಿ ಲೈಸೆನ್ಸು ಆಮೇಲೆ ಮಾಡಿಸಿದರಾಯಿತು ಅಂತ. ನಾನು ರಜ ಹಾಕಿ ಅವರ ಜೊತೆ ಹೋದೆ. ಅವತ್ತು ಅಕ್ಕನಿಗೆ ಉಸಿರು ಕಟ್ಟಲೇ ಇಲ್ಲ. ಪೂಜೆ ಮುಗಿದ ಮೇಲೆ ಒಂದು ಔಡಲ ಕಡ್ಡಿ ಹಿಡಿದು ಆ ಜಾಗದ ತುಂಬ ಓಡಾಡಿದರು. ಹಸಿ ಮಣ್ಣಲ್ಲಿ ಗೆರೆ ಎಳೆದರು. ಇದು ಹಜಾರ, ಇದು ದೇವರ ಮನೆ, ಇದು ಮಗಳು ಬಂದರೆ ಇರೋಕೆ.

"ಇಲ್ಲಿ ಕೂತ್ಕೊಳೇ," ಅಂದರು ನನಗೆ. "ಅಲ್ಲಲ್ಲ, ಅದು ಬಚ್ಚಲು. ಈ ಕಡೆ ಬಾ, ಹಜಾರಕ್ಕೆ."

ನಾನು ಹುಲ್ಲಿನ ಮೇಲೆ ಹಜಾರದಲ್ಲಿ ಕೂತೆ. ಅಕ್ಕ ಪಡುವಲ ಮೂಲೆಯಲ್ಲಿ ಬಸದಿಯ ಕಡೆ ಮುಖ ಮಾಡಿ ನಿಂತರು. "ಇದು ಅಡುಗೆಮನೆ. ಒಗ್ಗರಣೆ ಹಾಕ್ತಾ ತಲೆ ಎತ್ತಿದ್ರೆ ಬಸದಿ ಕಾಣ್ಬೇಕು."

"ಆಗ್ನೇಯಕ್ಕೆ ಬರ್ಬೇಕು ಅಡುಗೆಮನೆ," ಅಂದರು ಯಜಮಾನ್ರು.

"ಅಡುಗೆ ಮಾಡೋಳು ನಾನು. ನಿಮ್ಮ ಜಗಲಿ ಬೇಕಾದ್ರೆ ಆಗ್ನೇಯಕ್ಕೆ ಹಾಕ್ಕೊಳ್ಳಿ."

ಬಸದಿಯ ಕಾವಲಿನವರು ಬಂದದ್ದು ಆಗ. ನಡುವಯಸ್ಸಿನ ಮನುಷ್ಯ, ಮರ್ಯಾದೆಯಿಂದಲೇ ಕೇಳಿದರು.

"ಏನ್ ಪೂಜೆ ಸ್ವಾಮಿ?"

"ಮನೆ ಕಟ್ತಾ ಇದೀವಿ ಕಣಪ್ಪ. ಬಾ, ಪ್ರಸಾದ ತಗೊ."

"ಇಲ್ಲಿ ಕಟ್ಟೋ ಹಂಗಿಲ್ವಲ್ಲ ಸ್ವಾಮಿ."

ಯಜಮಾನ್ರು ನಕ್ಕರು. "ಇದು ಬಸದಿ ಜಾಗ ಅಲ್ಲ ಕಣಪ್ಪ. ಎಲ್ಲ ನೋಡೇ ತಗೊಂಡಿರದು."

"ಜಾಗ ನಿಮ್ದೇ, ಅದನ್ನ ಯಾರು ಇಲ್ಲ ಅಂದ್ರು? ರಾಗಿ ಹಾಕಿ, ಹುರುಳಿ ಹಾಕಿ, ಯಾರೂ ಕೇಳಲ್ಲ. ಬಸದಿಯಿಂದ ನೂರು ಮೀಟರ್ ಒಳಗೆ ಹೊಸದಾಗಿ ಒಂದು ಗೋಡೆ ಏಳಂಗಿಲ್ಲ. ಪುರಾತತ್ವ ಇಲಾಖೆಯೋರ ಕಾನೂನು. ಬೋರ್ಡ್ ಹಾಕೈತಲ್ಲ ಅಲ್ಲಿ."

"ಅಲ್ಲಪ್ಪ, ಆ ಮನೆಗಳು?" ಯಜಮಾನ್ರು ತೆಂಕಲ ಕಡೆ ಕೈ ತೋರಿಸಿದರು.

"ಅವು ಮುಂಚಿನವು ಸ್ವಾಮಿ. ಅವ್ರಿಗೂ ಒಂದು ಹೆಂಚು ಬದಲಾಯಿಸಬೇಕಾದ್ರೆ ಪರ್ಮಿಷನ್ನು ಬೇಕು."

ಯಜಮಾನ್ರು ನಡೆದುಕೊಂಡು ಹೋಗಿ ಆ ಬೋರ್ಡಿನ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಅಲ್ಲಿ ಬರೆದಿದ್ದದ್ದು ಅಷ್ಟೇನೂ ಉದ್ದ ಇರಲಿಲ್ಲ… ವಾಪಸು ಬಂದಾಗ ಅವರ ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಅಕ್ಕ ಇನ್ನೂ ಅಡುಗೆಮನೆಯಲ್ಲೇ ನಿಂತಿದ್ದರು. ಗಂಡನ ಮುಖ ನೋಡಿ ಬುತ್ತಿಯ ಗಂಟು ಬಿಚ್ಚಿದರು.

"ಬನ್ನಿ, ಊಟ ಮಾಡನ. ಚಿತ್ರಾನ್ನ ಹಳಸತೈತೆ."

ಮೂವರೂ ಹಜಾರದಲ್ಲಿ ಕೂತು ಉಂಡೆವು.

ಮುಂದಿನ ಭಾನುವಾರ ಯಜಮಾನ್ರು ಜಗಲಿಗೆ ಬರುವುದಿಲ್ಲ ಅಂತಲೇ ನಾವು ತಿಳಿದಿದ್ದೆವು. ಬಂದರು. ಯಾರೂ ಬಾಯಿ ತೆಗೆಯುವ ಮೊದಲೇ, "ಈ ವಾರ ನನ್ನದೇ ಕೇಸು, ಕೇಳ್ಕಳಿ," ಅಂತ ನಡೆದದ್ದನ್ನೆಲ್ಲ ಹೇಳಿದರು. ಮೇಷ್ಟ್ರಿಗೆ ಸಂಕಟವಾದರೆ ತಮಾಷೆಯೇ ಬರುವುದು. "ಮೂರು ಮನೇಲಿ ನೀರು ಕುಡಿದ್ರಿ, ನಾಲ್ಕನೇದರಲ್ಲಿ ತೀರ್ಥ ಆಯ್ತಲ್ಲ ಯಜಮಾನ್ರೇ," ಅಂದರು. ಯಜಮಾನ್ರೂ ನಕ್ಕರು. ಮೆಟ್ಟಿಲಿನ ಕಡೆಯಿಂದ ಏನಾದರೂ ಬರುತ್ತದೆ ಅಂತ ಎಲ್ಲರೂ ಒಂದು ಗಳಿಗೆ ಕಾದೆವು. ಬರಲಿಲ್ಲ.

ಆಮೇಲೆ ಅವರು ಕಚೇರಿಗಳಿಗೆ ಅಲೆದರು. ಎಲ್ಲ ಕಡೆಯೂ ಕುರ್ಚಿ ಕೊಟ್ಟು ಕೂರಿಸಿ ಅದೇ ಮಾತು ಹೇಳಿದರು. ಆ ಜಾಗ ಮಾರಿದರೇ ಇನ್ನೊಂದು ಕಡೆ ಕೊಳ್ಳುವುದು ಅನ್ನುವ ಸ್ಥಿತಿ ಇತ್ತು, ಮಂಡಿಯ ವ್ಯಾಪಾರವೂ ಮೊದಲಿನಂತೆ ಇರಲಿಲ್ಲ. ಅಕ್ಕನ ಉಬ್ಬಸ ಜಾಸ್ತಿಯಾಗುತ್ತಿತ್ತು. ಮೆಟ್ಟಿಲಿಳಿದರೆ ಹತ್ತುವುದು ಕಷ್ಟ ಅಂತ ಅವರು ಕೆಳಗೆ ಬರುವುದನ್ನೇ ಬಿಟ್ಟಿದ್ದರು. ಇನ್ನೊಂದು ಚಳಿಗಾಲ ಇಲ್ಲೇ ಕಳೆದರೆ ನಾನು ಏನೂ ಹೇಳಲಾರೆ ಅಂದಿದ್ದರು ಡಾಕ್ಟರು.

ಅಂಥ ಹೊತ್ತಲ್ಲಿ ಬೆಂಗಳೂರಿನ ಗಂಡ ಹೆಂಡತಿ ಸಿಕ್ಕಿದರು. ಬೇಲೂರು, ಹಳೇಬೀಡು ನೋಡಲು ಬಂದವರು ಆ ಖಾಲಿ ಜಾಗ ನೋಡಿ, ವಿಚಾರಿಸಿಕೊಂಡು ಅರಸೀಕೆರೆಯವರೆಗೂ ಬಂದಿದ್ದರು. ಬಸದಿಯ ಪಕ್ಕ ಜಾಗ ಅಂದರೆ ಅವರಿಗೆ ಕಣ್ಣರಳಿತ್ತು. ಹೇಳಿದ ದರಕ್ಕೆ ಚೌಕಾಸಿಯೂ ಮಾಡಲಿಲ್ಲ. ಭಾನುವಾರ ಬಂದು ಅಡ್ವಾನ್ಸ್ ಕೊಟ್ಟು ಹೋಗುತ್ತೇವೆ ಅಂದರು. ಮನೆ ಕಟ್ಟಬಹುದಾ ಅಂತ ಅವರು ಕೇಳಿರಲಿಲ್ಲ. ಹಿಂದಿನ ದಿನ ಕಬ್ಬಿಣದಂಗಡಿಯವರು ಯಜಮಾನ್ರನ್ನು ಪಕ್ಕಕ್ಕೆ ಕರೆದು, "ಕೇಳಿದ್ರೆ ಹೇಳಿ. ಕೇಳದಿದ್ರೆ ಸುಮ್ನಿರಿ. ಹಾಸನದ ರಸ್ತೇಲಿ ಒಂದು ರೆಡಿ ಮನೆ ಐತೆ, ಚಳಿ ಬೀಳೋದ್ರೊಳಗೆ ಅಕ್ಕನ್ನ ಅಲ್ಲಿಗೆ ಕರ್ಕೊಂಡು ಹೋಗಬಹುದು," ಅಂದಿದ್ದರು. ಯಜಮಾನ್ರು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

ಆ ಭಾನುವಾರ ನಾನು ಮೇಲೆ ಅಕ್ಕನ ಜೊತೆ ಇದ್ದೆ. ಅವರು ಕಿಟಕಿಯ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಕೆಳಗಿನ ಮಾತು ಅಷ್ಟಷ್ಟು ಕೇಳುತ್ತಿತ್ತು. ಯಜಮಾನ್ರ ದನಿ ಮಾತ್ರ ಕೇಳುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಆ ಜಗಲಿಯ ಮೇಲೆ ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅವತ್ತೇ… ಅಕ್ಕನೂ ಕಿವಿಗೊಟ್ಟು ಕೂತಿದ್ದರು. ಹಾಸನ ರಸ್ತೆಯ ಮನೆಯ ವಿಷಯ ಅವರಿಗೆ ಗೊತ್ತಿತ್ತು. ಅದರ ಅಡುಗೆಮನೆ ಎಷ್ಟು ದೊಡ್ಡದು ಅಂತ ನನ್ನನ್ನೇ ಕೇಳಿದ್ದರು.

ಅಷ್ಟರಲ್ಲಿ ಬೆಂಗಳೂರಿನ ಆ ಹೆಣ್ಣುಮಗಳು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಆಂಟಿ, ಒಂದು ಲೋಟ ನೀರು ಕೊಡ್ತೀರಾ?"

ನಾನು ಏಳಲು ಹೋದೆ. ಅಕ್ಕ ನನ್ನ ಕೈ ಹಿಡಿದು ಕೂರಿಸಿ, ತಾವೇ ಗೋಡೆ ಹಿಡಿದುಕೊಂಡು ಎದ್ದರು. ಒಳಗೆ ಹೋಗಿ ಲೋಟ ತೊಳೆದು ನೀರು ತಂದರು. ಆ ಹೆಣ್ಣುಮಗಳು ಚಾಪೆಯ ಮೇಲೆ ಕೂತು ಕುಡಿದಳು.

"ಎಷ್ಟು ಚೆನ್ನಾಗಿದೆ ಆಂಟಿ ನಿಮ್ಮ ಜಾಗ. ನಮ್ಮಮ್ಮನಿಗೆ ಗುಡಿ ಹತ್ರ ಇರ್ಬೇಕು ಅಂತ ತುಂಬಾ ಆಸೆ. ಅವ್ರಿಗೆ ಅಂತಲೇ ಕಟ್ತಿದೀವಿ."

ಅಕ್ಕ ಖಾಲಿ ಲೋಟ ಈಸಿಕೊಂಡರು. ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ಲಿ ಕಟ್ಟೋಕೆ ಬಿಡಲ್ಲ ಕಣಮ್ಮ. ಬಸದಿ ಹತ್ರ ಮನೆ ಏಳಂಗಿಲ್ಲ. ನಾನೂ ಕಟ್ಬೇಕು ಅಂತಲೇ ಹೋಗಿದ್ದೆ."

ಅವಳು ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಥ್ಯಾಂಕ್ಸ್ ಅಂತಲೋ ಏನೋ ಮೆಲ್ಲಗೆ ಅಂದು ಇಳಿದು ಹೋದಳು. ಕೆಳಗೆ ಮಾತು ನಿಂತಿತು. ಕಾರು ಸ್ಟಾರ್ಟ್ ಆದ ಸದ್ದು ಕೇಳಿತು.

ಯಜಮಾನ್ರು ಮೇಲೆ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಯಾಕೆ ಹೇಳ್ದೆ?"

"ನೀರು ಕೇಳಿದ್ಲು," ಅಂದರು ಅಕ್ಕ.

ಯಜಮಾನ್ರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಾನು ಅವರನ್ನು ದಾಟಿಕೊಂಡು ಇಳಿಯಬೇಕಾಗಿತ್ತು, ಇಳಿಯುವಾಗ ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮುಖ ಎತ್ತಲಿಲ್ಲ.

ಅದಾದ ಮೇಲೆ ಬಂದವರಿಗೆಲ್ಲ ಅವರೇ ಮೊದಲು ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ಯಾರು ಕೊಳ್ಳುತ್ತಾರೆ? ಹಾಸನ ರಸ್ತೆಯ ಮನೆಗೆ ಬೇರೆ ಯಾರೋ ಬಂದರು. ಯಜಮಾನ್ರು ಮಂಡಿಯ ಚೀಲಗಳನ್ನೆಲ್ಲ ಬೇರೆಯವರ ಗೋಡೌನಿಗೆ ಸಾಗಿಸಿ, ಕೆಳಗಿನ ನೆಲವನ್ನೆಲ್ಲ ನೀರು ಹೊಯ್ದು ತೊಳೆಸಿದರು. ಗೋಡೆಗೆ ಸುಣ್ಣ ಹೊಡೆಸಿದರು. "ಈಗ ಹೆಂಗೈತೆ?" ಅಂತ ಅಕ್ಕನನ್ನು ಕೇಳಿದಾಗ ನಾನಿದ್ದೆ. "ಸುಣ್ಣ ಹೊಡೆದ ಕೊಬ್ಬರಿ ಇದ್ದಂಗೈತೆ," ಅಂದರು ಅಕ್ಕ. ಅದು ಅವರು ನನ್ನ ಮುಂದೆ ಆಡಿದ ಕೊನೆಯ ಕೊಂಕು.

ಜಗಲಿಗೆ ಬರುವವರು ಕಮ್ಮಿಯಾಗಿದ್ದರು. ಸೈಟಿನವರೆಲ್ಲ ಫೋನಿನಲ್ಲಿ ಗ್ರೂಪು ಮಾಡಿಕೊಂಡು, ಡ್ರೋನ್ ಹಾರಿಸಿ ಮೇಲಿಂದ ತೆಗೆದ ವಿಡಿಯೋ ನೋಡಿಯೇ ವ್ಯಾಪಾರ ಮಾಡುವ ಕಾಲ ಬಂದಿತ್ತು. ಒಂದು ಭಾನುವಾರ ನಾವು ಮೂವರೇ ಇದ್ದೆವು, ಮೇಷ್ಟ್ರು, ಕಬ್ಬಿಣದಂಗಡಿಯವರು, ನಾನು. ಮೇಲೆ ಅಕ್ಕ ಮಲಗಿದ್ದರು, ಆಕ್ಸಿಜನ್ ಯಂತ್ರದ ಗುಂಯ್ ಅನ್ನುವ ಸದ್ದು ಜಗಲಿಗೂ ಕೇಳುತ್ತಿತ್ತು. ಯಜಮಾನ್ರು ಬಹಳ ಹೊತ್ತು ಪಂಚೆಯ ಅಂಚು ನೀವುತ್ತ ಕೂತಿದ್ದು, ಆಮೇಲೆ ಕೇಳಿದರು.

"ಅಲ್ಲಿ ಮಣ್ಣು ಮಾಡಬಹುದೇನ್ರಪ್ಪ?"

ನಮಗೆ ಮೊದಲು ಅರ್ಥವಾಗಲಿಲ್ಲ. ಅವರ ಮನೆತನದಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಜಮೀನಿದ್ದವರು ತಮ್ಮ ತಮ್ಮ ಜಮೀನಲ್ಲೇ. ಅವರು ಕೇಳಿದ್ದು ಬಸ್ತಿಹಳ್ಳಿಯ ಆ ಜಾಗದ ಬಗ್ಗೆ. ಅಷ್ಟು ವರ್ಷ ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ತಮಗಾಗಿ ನಮ್ಮನ್ನು ಕೇಳಿದ ಒಂದೇ ಪ್ರಶ್ನೆ ಅದು. ಮೇಷ್ಟ್ರಿಗೂ ಅವತ್ತು ತಮಾಷೆ ಬರಲಿಲ್ಲ. ಕಬ್ಬಿಣದಂಗಡಿಯವರೇ ನೆಲ ನೋಡುತ್ತ ಅಂದರು.

"ಅಗೆಯೋ ಹಂಗೂ ಇಲ್ಲ ಅನ್ಸುತ್ತೆ ಯಜಮಾನ್ರೇ."

"ಹೌದಾ," ಅಂದರು. ಪಂಚೆ ಸರಿಮಾಡಿಕೊಂಡು, "ಮುಂಚೇನೇ ಕೇಳಿಟ್ಕಳನ ಅಂತ ಕೇಳ್ದೆ," ಅಂದರು.

ಅಕ್ಕ ಆ ಚಳಿಗಾಲ ದಾಟಲಿಲ್ಲ. ಅರಸೀಕೆರೆಯಲ್ಲೇ, ಅವರ ಸಮಾಜದ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಗುಣಿಯ ಸುತ್ತ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ಯಜಮಾನ್ರು ಅಕ್ಕಪಕ್ಕದ ಸಮಾಧಿಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತ ನಿಂತಿದ್ದರು. ಯಾಕೆ ಓದುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಮಗಳು ಬಂದು ಅವರ ಕೈ ಹಿಡಿದು ಕರೆದುಕೊಂಡು ಹೋದಳು.

ಆಮೇಲೆ ಭಾನುವಾರಗಳಲ್ಲಿ ಯಜಮಾನ್ರು ಜಗಲಿಯಲ್ಲಿ ಸಿಗುತ್ತಿರಲಿಲ್ಲ. ಬೆಳಗಿನ ಹಳೇಬೀಡಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಅಲ್ಲಿ ಏನು ಮಾಡುತ್ತಾರೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ… ಹೋದ ವರ್ಷ ಅವರೂ ಹೋದರು. ನಿದ್ದೆಯಲ್ಲೇ ಹೋದರಂತೆ. ಅಕ್ಕನ ಪಕ್ಕದಲ್ಲಿ ಜಾಗ ಉಳಿದಿರಲಿಲ್ಲ, ಎರಡು ಸಾಲು ಆಚೆಗೆ ಇಟ್ಟರು.

"ಏನ್ ಮೇಡಂ, ಮೇಲೆ ನೋಡ್ತೀರಾ?" ಅಂತ ಬ್ರೋಕರು ಕೂಗಿದಾಗ ನಾನು ಇನ್ನೂ ಮೆಟ್ಟಿಲ ಬುಡದಲ್ಲೇ ನಿಂತಿದ್ದೆ. ಬೇಡ ಅಂದೆ. ತಮ್ಮ ರಸ್ತೆ ಅಳೆದು ಬಂದಿದ್ದ. ಜಾಗ ಚೆನ್ನಾಗಿದೆ ಅಕ್ಕ, ಬಿಡಬಾರದು ಅಂದ. ಆಟೋದಲ್ಲಿ ವಾಪಸು ಬರುವಾಗ ಮೇಷ್ಟ್ರು, "ನನ್ನ ಪಾಲು ಇದರಲ್ಲಿ ಬೇಡ ಕಣಮ್ಮ," ಅಂದರು. ನನಗೂ ಅಷ್ಟೇ ಬೇಕಾಗಿತ್ತು.

ಕಟ್ಟಡವನ್ನು ಬಾಣಾವರದ ಕಡೆಯವರು ಯಾರೋ ಕೊಂಡರು. ಮೊನ್ನೆ ಪೇಟೆಬೀದಿಯಲ್ಲಿ ಬರುತ್ತಿದ್ದೆ. ಮುಂದಿನ ಗೋಡೆ, ಮಾಡು ಎಲ್ಲ ಇಳಿಸಿದ್ದರು. ಮಹಡಿಯ ಹಿಂಭಾಗದ ಒಂದು ಗೋಡೆ ಮಾತ್ರ ಬೀದಿಗೆ ಕಾಣುವ ಹಾಗೆ ನಿಂತಿತ್ತು. ತಿಳಿಹಸಿರು ಬಣ್ಣ, ಒಲೆ ಇದ್ದ ಕಡೆ ಮೇಲಿನವರೆಗೂ ಹೊಗೆಯ ಕಪ್ಪು, ಸೌಟು ನೇತು ಹಾಕುತ್ತಿದ್ದ ಮೊಳೆಗಳು. ಮಾರನೇ ದಿನ ಆಫೀಸಿನವರೊಬ್ಬರ ಮನೆಗೆ ಹೋಗಬೇಕಾಗಿ ಅದೇ ದಾರಿಯಲ್ಲಿ ಹೋದೆ. ಆ ಗೋಡೆಯನ್ನೂ ಇಳಿಸಿದ್ದರು.